ಮೂರು ಭಾನುವಾರ

ಬೂದಿ ತಣ್ಣಗಿತ್ತು. ಅದೇನು ಅಂಥ ದೊಡ್ಡ ವಿಷಯವಲ್ಲ ಎಂದು ಮೂಟೆ ಹೊತ್ತ ಲಾಮಾಗಳ ಹಿಂಡಿನ ಹಿಂದೆ ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತಿದ್ದ ಮೆಲಿತೋನ ಬೆಳಗಿನಿಂದ ನಾಲ್ಕನೆಯ ಸಲವೋ ಐದನೆಯ ಸಲವೋ ತನಗೆ ತಾನೇ ಹೇಳಿಕೊಂಡ. ಜ್ವರ ಬಿಟ್ಟು ಎದ್ದವನು ಒಲೆಗೆ ಕೈ ಹಾಕಿದ್ದ, ಬೂದಿ ತಣ್ಣಗಿತ್ತು, ಅಷ್ಟೆ. ಒಣಗಿದ ಹಿಕ್ಕೆ ತುಂಬಿ ಮೇಲೆ ಬೂದಿ ಮುಚ್ಚಿಟ್ಟ ಒಲೆ ಒಂದು ಹಗಲು ಒಂದು ರಾತ್ರಿ ಕೆಂಡ ಉಳಿಸಿಕೊಂಡಿರುತ್ತದೆ, ಅದು ಸರಿ; ಆದರೆ ಮೇಲಿನ ಹುಲ್ಲುಗಾವಲಿನ ಆ ಗುಡಿಸಿಲಿಗೆ ಗಾಳಿ ಎಲ್ಲೆಲ್ಲಿಂದ ನುಗ್ಗುತ್ತದೆಂದು ಯಾರು ಕಂಡಿದ್ದಾರೆ? ಹಿಕ್ಕೆ ಹಸಿ ಇದ್ದಿರಬಹುದು. ಮೂರು ವಾರದ ಹಿಂದಿನ ಬೂದಿ ಈಗ ಯಾಕೆ ನೆನಪಾಗಬೇಕು, ಅದೂ ಇವತ್ತು, ಶುಕ್ರವಾರ, ಐದು ವಾರದ ಒಂಟಿ ವಾಸ ಮುಗಿಸಿ ಮನೆಗೆ ಇಳಿಯುತ್ತಿರುವ ದಿನ? ಹೊತ್ತು ಮುಳುಗುವ ಮೊದಲು ಮನೆ ಸೇರಿ, ಹೇರು ಇಳಿಸಿ, ಬಿಸಿನೀರಿನಲ್ಲಿ ಮೈ ತೊಳೆದು ಸಬ್ಬತ್ತನ್ನು, ಯಾವ ಕೆಲಸವನ್ನೂ ಮುಟ್ಟಬಾರದ ಶನಿವಾರದ ದೇವರ ದಿನವನ್ನು, ಎದುರುಗೊಳ್ಳಬೇಕು. ನಾಳೆ ಕರ್ತನ ಭೋಜನ. ಮೂರು ತಿಂಗಳಿಗೊಮ್ಮೆ ಬರುವ ದಿನ. ಪುನೋ ಪಟ್ಟಣದಿಂದ ಪಾಸ್ಟರ್ ಬರುತ್ತಾರೆ, ಸಭೆಯ ಹಿರಿಯನಾದ ತಾನು ಅವರ ಪಕ್ಕ ನಿಂತು ರೊಟ್ಟಿಯ ತಟ್ಟೆ ಹಿಡಿಯಬೇಕು. ಅದಕ್ಕೂ ಮೊದಲು ಪಾದ ತೊಳೆಯುವ ಸೇವೆ. ಅಲ್ಲಿಗೆ ಬಂದಾಗ ಮನಸ್ಸು ಮುಗ್ಗರಿಸಿ ಮತ್ತೆ ಬೂದಿಯ ಕಡೆಗೇ ಓಡಿತು.

ದಿನಗಳ ಎಣಿಕೆಯಲ್ಲಿ ಅವನೇನೂ ಉದಾಸೀನ ಮಾಡಿದವನಲ್ಲ. ಮೊದಲ ವಾರ ರೇಡಿಯೋ ಇತ್ತು. ಅದರ ಬ್ಯಾಟರಿ ಸತ್ತ ದಿನವೇ ಹಳ್ಳದಿಂದ ಏಳು ನುಣುಪು ಕಲ್ಲು ಆರಿಸಿ ತಂದು ಗೋಡೆಯ ಗೂಡಿನಲ್ಲಿಟ್ಟಿದ್ದ. ದಿನಾ ಹೊತ್ತು ಮುಳುಗಿದಾಗ ಒಂದು ಕಲ್ಲನ್ನು ಎಡಗಡೆಯ ಗೂಡಿನಿಂದ ಬಲಗಡೆಯದಕ್ಕೆ ದಾಟಿಸುವುದು. ಏಳನೆಯದು ದಾಟಿತೆಂದರೆ ಕೈಕೆಲಸ ನಿಲ್ಲಿಸಿ ಮಂಡಿಯೂರುವುದು. ಎರಡನೆಯ ವಾರದ ಮಂಗಳವಾರ ಸಂಜೆ ಚಳಿಜ್ವರ ಬಂತು. ಕಂಬಳಿ ಹೊದ್ದು ಮಲಗಿದ. ಎದ್ದಾಗ ಬಾಗಿಲ ಸಂದಿಯಲ್ಲಿ ಸಂಜೆಯ ಕೆಂಪು ಬೆಳಕಿತ್ತು. ಒಂದು ದಿನ ಪೂರ್ತಿ ನಿದ್ದೆ ಹೊಡೆದೆನಲ್ಲ, ಬುಧವಾರವೂ ಮುಗಿಯಿತು ಅಂದುಕೊಂಡು ಒಂದು ಕಲ್ಲು ದಾಟಿಸಿದ. ಆಮೇಲೆ ಒಲೆಗೆ ಕೈ ಹಾಕಿದ. ಆಮೇಲೆ, ಹೌದು, ಎಡಗಡೆಯ ಗೂಡಿನ ಕಡೆ ಇನ್ನೊಂದು ಸಲ ನೋಡಿದ್ದ. ನೋಡಿ, ಸೂಪು ಮಾಡಲು ಹೊಸದಾಗಿ ಬೆಂಕಿ ಹೊತ್ತಿಸಿದ್ದ.

ಮುಂದಿದ್ದ ಕಂದು ಲಾಮಾ ನಿಂತು ಕಿವಿ ನಿಮಿರಿಸಿತು. ಅದರ ಹಿಂದಿನ ಆರೂ ನಿಂತವು. ಅವನು ನಾಲಗೆ ಲೊಚಗುಟ್ಟಿ ಹೊರಡಿಸಿದ. ಮೂಟೆಗಳಲ್ಲಿ ಚುನ್ಯೋ, ಹಿಮಕ್ಕೆ ಒಣಗಿಸಿದ ಆಲೂಗಡ್ಡೆ, ಕಲ್ಲಿನಂತೆ ಖಣಖಣ ಅನ್ನುತ್ತಿತ್ತು. ಒಳ್ಳೆಯ ಚುನ್ಯೋ. ಆಲೂಗಡ್ಡೆಯನ್ನು ಹುಲ್ಲಿನ ಮೇಲೆ ಹರಡಿ ಮೂರು ರಾತ್ರಿ ಹಿಮಕ್ಕೆ ಬಿಟ್ಟು, ನಾಲ್ಕನೆಯ ಬೆಳಗ್ಗೆ ಬಿಸಿಲು ಏರುವುದರೊಳಗೆ ಬರಿಗಾಲಿನಲ್ಲಿ ತುಳಿದು ನೀರು ಹಿಂಡಬೇಕು. ಆ ಬೆಳಗು ತಪ್ಪಿತೋ, ಕರಗಿ ಕೊಳೆತು ನಾರುತ್ತದೆ, ವರ್ಷದ ಊಟಕ್ಕೆ ಕಲ್ಲು ಬಿತ್ತು. ಭಾವ, ಇನ್ನೆರಡೇ ಸಾಲು ಅಂದಿದ್ದ ನಿಕಾಸಿಯೋ. ಹೋದ ವರ್ಷ ಇದೇ ಜೂನಿನಲ್ಲಿ, ಸಬ್ಬತ್ತಿನ ಬೆಳಗ್ಗೆ. ಮೆಲಿತೋನ ಕಪ್ಪು ಕೋಟು ಹಾಕಿ, ಸತ್ಯವೇದ ಕಂಕುಳಲ್ಲಿಟ್ಟು ಸಭೆಗೆ ಹೊರಟಿದ್ದ. ಹೆಂಡತಿಯ ತಮ್ಮ ಹೊಲದಲ್ಲಿ ಪ್ಯಾಂಟು ಮಂಡಿಯವರೆಗೆ ಮಡಚಿ ತುಳಿಯುತ್ತಿದ್ದ. ಅಡಗಿಕೊಳ್ಳುವ ಪ್ರಯತ್ನವನ್ನಾದರೂ ಮಾಡಿದನೇ ಅಂದರೆ ಅದೂ ಇಲ್ಲ, ಕೈ ಬೀಸಿದ! "ಭಾವ, ಇನ್ನೆರಡೇ ಸಾಲು. ಎರಡು ವಾರದಿಂದ ಮೋಡ, ಈಗ ಹಿಡೀತು ನೋಡಿ ಹಿಮ. ಕಾಲು ತೊಳ್ಕೊಂಡು ಓಡಿ ಬರ್ತೀನಿ, ಹಾಡು ಶುರುವಾಗೋದ್ರೊಳಗೆ ಅಲ್ಲಿರ್ತೀನಿ." ಹೇಳಿದ ಹಾಗೇ ಬಂದ. ಒದ್ದೆ ತಲೆ ಬಾಚಿಕೊಂಡು ಎರಡನೆಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ. ಪೀಠದ ಮೇಲೆ ನಿಂತಿದ್ದ ಮೆಲಿತೋನನಿಗೆ ಕಂಡದ್ದು ಅವನ ಕಾಲು. ಚಪ್ಪಲಿಯಲ್ಲಿ, ಬಿರುಕು ಬಿರುಕಿನಲ್ಲೂ ಆಲೂಗಡ್ಡೆಯ ಕರಿ ನೀರು ಹಿಡಿದ ಕಾಲು. ಆ ಕಾಲನ್ನು ನೋಡುತ್ತಲೇ ಅವನು ಪ್ರಾರ್ಥನೆ ಮುಗಿಸಿದ್ದ, ಮಾರನೆಯ ದಿನ ಸಮಿತಿಯ ಮುಂದೆ ವಿಷಯ ಇಟ್ಟಿದ್ದ. ನಾಲ್ಕನೆಯ ಆಜ್ಞೆ: ಸಬ್ಬತ್ತಿನ ದಿನ ಯಾವ ಕೆಲಸವನ್ನೂ ಮಾಡಬಾರದು. ಒಂದು ವರ್ಷ ಕರ್ತನ ಭೋಜನವಿಲ್ಲ, ಕೊನೆಯ ಬೆಂಚು. "ಕಣ್ಣಾರೆ ಕಂಡದ್ದನ್ನ ಕಾಣ್ಲಿಲ್ಲ ಅನ್ನೋಕಾಗುತ್ತಾ?" ಎಂದು ಹೆಂಡತಿಗೆ ಕೇಳಿದ್ದ. ದೊಮಿತಿಲಾ ಜಗಳವಾಡಲಿಲ್ಲ. ಅವತ್ತಿನಿಂದ ಅವನನ್ನು 'ಹಿರಿಯರೇ' ಎಂದು ಕರೆಯತೊಡಗಿದಳು. ಹಿರಿಯರೇ, ಸೂಪು ಆರ್ತಿದೆ. ಹಿರಿಯರೇ, ಕೋಟಿನ ಗುಂಡಿ ಕಿತ್ತಿದೆ. ಮೂವತ್ತು ವರ್ಷ 'ರೀ' ಅಂದವಳು! ಐದು ವಾರದ ಹಿಂದೆ ಲಾಮಾಗಳನ್ನು ಹೊರಡಿಸುವಾಗ ಅವಳು ಹಗ್ಗ ಬಿಗಿಯುತ್ತ, ಅವನ ಮುಖ ನೋಡದೆ ಹೇಳಿದ್ದಳು: "ಹಿರಿಯರೇ, ಈ ಭೋಜನಕ್ಕೆ ಅವನ ಶಿಕ್ಷೆ ಮುಗಿಯುತ್ತೆ. ಹಿಂದಿನ ದಿನವೇ ಬಂದ್ಬಿಡಿ. ಅವನ ಕಾಲು ನೀವೇ ತೊಳೀರಿ." ನೋಡೋಣ ಅಂದಿದ್ದ. ಒಂದು ವರ್ಷದ ಮೇಲೆ ಬಾಯಿಬಿಟ್ಟು ಕೇಳಿದವಳಿಗೆ, ನೋಡೋಣ!

ತೊಳೆಯುತ್ತೇನೆ ಎಂದು ಅವನು ಈಗ ತೀರ್ಮಾನಿಸಿಯೇ ಇಳಿಯುತ್ತಿದ್ದ. ಆ ತೀರ್ಮಾನ ಬಂದದ್ದು ಮೇಲೆ, ಜ್ವರದ ನಂತರದ ಎರಡನೆಯ ಸಬ್ಬತ್ತಿನ ದಿನ. ಬಂಡೆಯ ಮೇಲೆ ಒಬ್ಬನೇ ಕೂತು ಹಾಡುತ್ತಿದ್ದ; ಲಾಮಾಗಳು ಮೇಯುತ್ತಿದ್ದವು, ಗಾಳಿ ನಿಂತಿತ್ತು. ಹಾಡು ಮುಗಿದ ಮೇಲೂ ಅವನು ಎದ್ದಿರಲಿಲ್ಲ. ಎದೆಯಲ್ಲಿ ಯಾವಾಗಲೂ ಬಿಗಿದುಕೊಂಡಿರುತ್ತಿದ್ದದ್ದೇನೋ ಸಡಿಲವಾಗಿ, ಯಾರೋ ಪಕ್ಕದಲ್ಲಿ ಬಂದು ಕೂತ ಹಾಗೆ, ಏನನ್ನೂ ಕೇಳದೆ ಸುಮ್ಮನೆ ಕೂತ ಹಾಗೆ. ದೀಕ್ಷಾಸ್ನಾನ ಆಗಿ ಮೂವತ್ತು ವರ್ಷವಾಯಿತು, ಸಭೆಯ ಯಾವ ಬೆಂಚಿನಲ್ಲೂ ಅವನಿಗೆ ಹಾಗೆ ಆಗಿರಲಿಲ್ಲ. ಅತ್ತುಬಿಟ್ಟಿದ್ದ. ಅಳುತ್ತಿರುವಾಗ ನೆನಪಾದದ್ದು, ಯಾಕೋ, ನಿಕಾಸಿಯೋನ ಒದ್ದೆ ತಲೆ.

ಕಣಿವೆಯ ನೆತ್ತಿಯಲ್ಲಿ, ದಾರಿಹೋಕರು ಪೇರಿಸಿದ ಕಲ್ಲುಗುಪ್ಪೆಯ ಹತ್ತಿರ ಬಸಿಲಿಯಾ ಕುರಿ ಬಿಟ್ಟುಕೊಂಡು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಮಾತೆ ಮರಿಯಳ ಮುಂದೆ ಮೇಣದ ಬತ್ತಿ ಹಚ್ಚುವ ಹಳೆಯ ಮತದವಳು. ಸಬ್ಬತ್ತಿನವರನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಹುರುಪು. ಅವನನ್ನು ನೋಡಿ ಕದಿರು ನಿಲ್ಲಿಸಿದಳು.

"ಏನೋ ಮೆಲಿತೋನಾ, ಮತ ಬಿಟ್ಟೆಯಾ?"

"ಯಾಕೆ ಬಸಿಲಿಯಕ್ಕ, ಬೆಳಬೆಳಗ್ಗೆ ಬಾಯಿ ತುರಿಸ್ತಾ ಇದೆಯಾ?"

"ನನ್ನ ಬಾಯಿ ಬಿಡು. ಏಳು ಲಾಮಾ, ಹದಿನಾಲ್ಕು ಮೂಟೆ. ಶನಿವಾರದ ದಿನ ಹೇರು ಹೊಡ್ಕೊಂಡು ಬರ್ತಿದೀಯಲ್ಲ, ನಿಮ್ಮ ದೇವ್ರು ರಜೆ ಮೇಲೆ ಹೋಗಿದಾನಾ?"

"ಇವತ್ತು ಶುಕ್ರವಾರ," ಎಂದ. ತಕ್ಷಣವೇ ಎಂದ. ಪ್ರಶ್ನೆ ಬರುತ್ತದೆಂದು ಕಾದುಕೊಂಡಿದ್ದವನಂತೆ ಎಂದೆನಲ್ಲ ಎಂದು ಅವನಿಗೇ ಅನಿಸಿತು.

"ಶುಕ್ರವಾರ ನಿನ್ನೆಯೇ ಮುಗೀತಪ್ಪ. ಸಂತೆಗೆ ಹೋಗಿದ್ದೆ ನಾನು. ನಿನ್ನ ಹೆಂಡ್ತೀನೂ ಸಿಕ್ಕಿದ್ಲು, ಬಿಳಿ ಟವೆಲ್ ಆರಿಸ್ತಾ ಇದ್ಲು, ನಾಳೆ ಕಾಲು ತೊಳೆಯೋ ಸೇವೆ ಅಂತ. ಇವ್ರು ಇನ್ನೂ ಇಳಿದಿಲ್ಲ ಅಂತ ಮುಖ ಇಷ್ಟು ಮಾಡ್ಕೊಂಡಿದ್ಲು ಪಾಪ."

ಅವನು ಕಣಿವೆಯತ್ತ ತಿರುಗಿದ. ಕೆಳಗೆ, ಸರೋವರದ ದಂಡೆಯಲ್ಲಿ, ಸಭೆಯ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಸುತ್ತ ಕಪ್ಪು ಕಪ್ಪಾಗಿ ಚುಕ್ಕಿಗಳು ಚಲಿಸುತ್ತಿದ್ದವು. ಶುಕ್ರವಾರ ಅಲ್ಲಿ ಯಾವ ಚುಕ್ಕಿಯೂ ಇರುವುದಿಲ್ಲ. ಬಸಿಲಿಯಾ ಅವನ ಮುಖ ನೋಡಿ ಹತ್ತಿರ ಬಂದಳು, ದನಿ ತಗ್ಗಿಸಿದಳು.

"ದಿನ ತಪ್ತಾ?"

"ಜ್ವರ ಬಂದಿತ್ತು."

"ಎಷ್ಟು ಶನಿವಾರ?"

"ಮೂರು. ಇವತ್ತು ಸೇರಿದ್ರೆ ನಾಲ್ಕು."

"ಮತ್ತೆ ನಿನ್ನ ಹಾಡು, ಉಪವಾಸ ಎಲ್ಲಾ ಯಾವತ್ತು ಮಾಡ್ದೆ?"

"ಮಾರನೇ ದಿನ."

ಮುದುಕಿ ಬೆರಳು ಮಡಚಿದಳು. ಅವಳ ಬಾಯಿ ನಿಧಾನವಾಗಿ ಅಗಲವಾಯಿತು. ಕದಿರು ಕೈಜಾರಿ ಬಿತ್ತು. "ಅಯ್ಯೋ ನನ್ನಪ್ಪಾ! ಭಾನುವಾರ! ಮೂರು ವಾರ ನಮ್ಮವನಾಗಿದ್ದೆ ಅನ್ನು! ಹೇಳಿ ಕಳಿಸಿದ್ರೆ ಒಂದು ಮೇಣದ ಬತ್ತಿ ಆದ್ರೂ ತಂದ್ಕೊಡ್ತಿದ್ನಲ್ಲೋ!" ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುರಿಗಳು ಬೆದರಿ ನಾಲ್ಕು ಹೆಜ್ಜೆ ಸರಿದವು. ಆಮೇಲೆ ಕಣ್ಣೊರೆಸಿಕೊಂಡು ಕೋಕಾ ಎಲೆಯ ಚೀಲ ಬಿಚ್ಚಿ ಚಾಚಿದಳು. ಅವನು ತಲೆ ಅಲ್ಲಾಡಿಸಿದ. "ಬೇಡ ಬಿಡು, ಅದೂ ಪಾಪ ನಿಮ್ಮಲ್ಲಿ. ಎರಡು ಎಲೆ ಜಗಿದಿದ್ರೆ ಜ್ವರಾನೇ ಬರ್ತಿರ್ಲಿಲ್ಲ. ಕೇಳಿಲ್ಲಿ. ನನ್ನ ಕುರಿಹಟ್ಟಿ ಇದೆ, ಗೋಡೆ ಎತ್ತರ. ಹೊತ್ತು ಮುಳುಗೋವರೆಗೂ ಒಳಗೆ ಕೂತಿರು, ಕತ್ತಲಾದ್ಮೇಲೆ ಇಳಿ. ಯಾರು ಕೇಳ್ತಾರೆ? ನಾನು ಹೇಳಿದ್ರೂ ನಿಮ್ಮವರು ನನ್ನ ಮಾತು ನಂಬ್ತಾರಾ?"

ಕುರಿಹಟ್ಟಿಯಲ್ಲಿ ಅವನು ಕೂತ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹಿರಿಯ ಮೆಲಿತೋನ ಕುರಿಹಿಕ್ಕೆಯ ನಡುವೆ ಗೋಡೆಗೆ ಬೆನ್ನು ಕೊಟ್ಟು, ತಲೆ ಹೊರಗೆ ಕಾಣದ ಹಾಗೆ ಕುಗ್ಗಿ ಕೂತ. ಮೊದಲು ಬಂದ ಯೋಚನೆ ಕಟ್ಟಳೆಯದೇ. ಹೇರಿನ ಪ್ರಾಣಿ ಹೊಡೆದುಕೊಂಡು ಸಬ್ಬತ್ತಿನ ದಿನ ಮುಂದೆ ಒಂದು ಹೆಜ್ಜೆ ಇಡುವಂತಿಲ್ಲ, ಅದಕ್ಕೇ ನಿಂತಿದ್ದೇನೆ, ಅಂದುಕೊಂಡ. ಹಾಗೆ ಅಂದುಕೊಂಡಾಗ ಒಂದು ಕ್ಷಣ ಹಾಯೆನಿಸಿತು. ಆದರೆ ಕಂದು ಲಾಮಾ ಅವನ ಮುಂದೆಯೇ ಮಂಡಿ ಮಡಚಿ ಹೇರಿನ ಸಮೇತ ಕುಸಿದು ಕೂತು ನರಳಿತು. ಮೂಟೆ ಇಳಿಸಬೇಕು. ಮೂಟೆ ಇಳಿಸುವುದು ಕೆಲಸ. ಇಳಿಸದೆ ಹೊತ್ತು ಮುಳುಗುವವರೆಗೆ ಹೊರಿಸಿಡುವುದು ಹಿಂಸೆ. ನಡೆದರೆ ಪ್ರಯಾಣ, ನಿಂತರೆ ಕ್ರೌರ್ಯ, ಬಿಚ್ಚಿದರೆ ದುಡಿಮೆ. ಕಟ್ಟಳೆಯನ್ನು ಹೀಗೆ ಮೂರು ಕಡೆಯಿಂದಲೂ ತಿರುಗಿಸಿ ನೋಡಿದ. ಎಲ್ಲಿಂದಲೂ ಅದು ಅವನನ್ನೇ ನೋಡುತ್ತಿತ್ತು. ಇದೇ ಪ್ರಶ್ನೆಯನ್ನು ಬೇರೆ ಯಾರಾದರೂ ಸಮಿತಿಯ ಮುಂದೆ ತಂದಿದ್ದರೆ ತಾನು ಎಷ್ಟು ಸಲೀಸಾಗಿ ಉತ್ತರ ಕೊಡುತ್ತಿದ್ದೆ ಎಂದು ನೆನೆದು ಮುಖ ಬಿಸಿಯಾಯಿತು.

ಬೂದಿ ತಣ್ಣಗಿತ್ತು. ಈಗ ಅದನ್ನು ಬಿಟ್ಟು ಬೇರೆ ಹಾದಿ ಉಳಿದಿರಲಿಲ್ಲ. ಬಸಿಲಿಯಾಳಿಗೆ ದಿನ ತಪ್ಪಿತು ಎಂದ ಹಾಗೆ ಆಯಿತು, ಜ್ವರ ಎಂದ ಹಾಗೆ ಆಯಿತು. ಊರಿನವರೂ ಒಪ್ಪುತ್ತಾರೆ, ಜ್ವರದಲ್ಲಿ ಯಾರಿಗೆ ತಾನೇ ಎಣಿಕೆ ನೆಟ್ಟಗಿರುತ್ತದೆ, ಪಾಪ. ಆದರೆ ಅವತ್ತು ಸಂಜೆ ಬೂದಿಗೆ ಕೈ ಹಾಕಿದ ಆ ಕ್ಷಣದಲ್ಲೇ ಅವನಿಗೆ ಗೊತ್ತಾಗಿತ್ತು. ಒಂದು ದಿನವಲ್ಲ, ಎರಡು ದಿನ ಮಲಗಿದ್ದೆ ಎಂದು ಕೈಗೆ ಗೊತ್ತಾಗಿತ್ತು, ಅದಕ್ಕೇ ಎಡಗಡೆಯ ಗೂಡಿನ ಕಡೆ ತಿರುಗಿ ನೋಡಿದ್ದ. ಇನ್ನೊಂದು ಕಲ್ಲು ದಾಟಿಸಿದರೆ ಏನಾಗುತ್ತದೆಂದೂ ಆ ಕ್ಷಣದಲ್ಲೇ ಎಣಿಸಿದ್ದ. ಹೊರಗೆ ಹುಲ್ಲಿನ ಮೇಲೆ ವರ್ಷದ ಆಲೂಗಡ್ಡೆ ಹರಡಿತ್ತು. ಅದಕ್ಕೆ ಹಿಂದಿನ ರಾತ್ರಿಯಷ್ಟೇ ಮೊದಲ ಹಿಮ ಹಿಡಿದಿತ್ತು, ಇನ್ನೆರಡು ರಾತ್ರಿ ಬೇಕಿತ್ತು. ಇನ್ನೊಂದು ಕಲ್ಲು ದಾಟಿದರೆ ತುಳಿಯುವ ಬೆಳಗು ನೇರವಾಗಿ ಸಬ್ಬತ್ತಿನ ಮೇಲೆ ಬೀಳುತ್ತಿತ್ತು. ದಾಟಿಸದಿದ್ದರೆ ಶುಕ್ರವಾರ. ಅಷ್ಟನ್ನೂ ಒಂದು ಉಸಿರಿನಲ್ಲಿ ಎಣಿಸಿ, ಎಣಿಸಿದ್ದನ್ನು ತನಗೇ ಕಾಣದ ಹಾಗೆ ಮರೆತು, ಬೆಂಕಿ ಹೊತ್ತಿಸಿದ್ದ. ನಿಕಾಸಿಯೋ ತುಳಿಯುವಾಗ ಕೈ ಬೀಸಿದ್ದ. ನಾನು ಪಂಚಾಂಗವನ್ನೇ ತಿರುಚಿ ತುಳಿದೆ. ಥೂ, ಎಂದ ಮೆಲಿತೋನ, ಗಟ್ಟಿಯಾಗಿಯೇ.

ಹಾಗಾದರೆ ಬಂಡೆಯ ಮೇಲೆ ಬಂದು ಕೂತದ್ದು ಯಾರು? ಆ ದಿನ ಭಾನುವಾರ. ಯಾವ ದಿನವನ್ನು ಮನುಷ್ಯರು ಮಾಡಿಕೊಂಡ ಸುಳ್ಳು ದಿನವೆಂದು ಮೂವತ್ತು ವರ್ಷ ಬೆರಳೆತ್ತಿ ಬೋಧಿಸಿದ್ದನೋ ಅದೇ ದಿನ. ಹಿಂದಿನ ದಿನವೆಲ್ಲ, ದೇವರ ದಿನವೆಲ್ಲ, ಮೂಟೆ ಹೊಲಿದು, ಕೊಟ್ಟಿಗೆಯ ಗೋಡೆ ಕಟ್ಟಿ, ಬೆವರು ಸುರಿಸಿ ದುಡಿದು, ಕದ್ದ ಎಣಿಕೆಯ ಮೇಲೆ ಕೂತು ಹಾಡಿದವನ ಪಕ್ಕಕ್ಕೆ ಯಾರು ಬಂದು ಕೂರುತ್ತಾರೆ? ಸೈತಾನನೇ ಎನ್ನಲು ಅವನ ನಾಲಗೆ ಹೊರಳಲಿಲ್ಲ. ಸೈತಾನ ಬಂದಿದ್ದರೆ ನಿಕಾಸಿಯೋನ ಒದ್ದೆ ತಲೆ ಯಾಕೆ ನೆನಪಾಗುತ್ತಿತ್ತು? ಬಂದದ್ದು ಕರ್ತನೇ ಆದರೆ, ಅವನಿಗೆ ಎಲ್ಲವೂ ಗೊತ್ತಿತ್ತು. ಬೂದಿಯೂ ಗೊತ್ತಿತ್ತು, ಗೂಡೂ ಗೊತ್ತಿತ್ತು. ಗೊತ್ತಿದ್ದೂ ಬಂದು ಕೂತಿದ್ದ. ಮೆಲಿತೋನನಿಗೆ ಇದು ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಅವನು ಆ ಯೋಚನೆಯಿಂದ ಸ್ವಲ್ಪ ದೂರ ಸರಿದು ಕೂತ.

ಗಾಳಿ ದಿಕ್ಕು ಬದಲಿಸಿತು. ಹಾಡು ಕೇಳಿಸಿತು, ಸಣ್ಣಗೆ, ಹೆಂಗಸರ ದನಿ ಮೇಲೆ, ಗಂಡಸರದು ಅದರ ಹಿಂದೆ ಅರ್ಧ ಹೆಜ್ಜೆ ತಡವಾಗಿ. ಪ್ರಸಂಗಕ್ಕೆ ಮೊದಲಿನ ಹಾಡು. ಪ್ರಸಂಗ ಮುಗಿದ ಮೇಲೆ ಗಂಡಸರು ಪಕ್ಕದ ಮಣ್ಣುಗೋಡೆಯ ಕೋಣೆಗೆ ಹೋಗುತ್ತಾರೆ, ಹೆಂಗಸರು ಸಭೆಯಲ್ಲೇ ಉಳಿಯುತ್ತಾರೆ, ಜೋಡಿ ಜೋಡಿಯಾಗಿ ಕಾಲು ತೊಳೆಯುತ್ತಾರೆ. ಸುಮ್ಮನೆ ಎಂಬಂತೆ ಅವನು ಗಂಡಸರನ್ನು ಎಣಿಸಿದ. ಪಾಸ್ಟರನ್ನು ಸೇರಿಸಿ, ನಿಕಾಸಿಯೋನನ್ನು ಸೇರಿಸಿ, ಹನ್ನೊಂದು. ಇನ್ನೊಮ್ಮೆ ಎಣಿಸಿದ. ಹನ್ನೊಂದೇ. ಐದು ಜೋಡಿಯಾದ ಮೇಲೆ ಒಬ್ಬ ಉಳಿಯುತ್ತಾನೆ. ಯಾರು ಉಳಿಯುತ್ತಾನೆಂದು ಎಣಿಸುವ ಅಗತ್ಯವಿರಲಿಲ್ಲ. ಒಂದು ವರ್ಷದಿಂದ ಕೊನೆಯ ಬೆಂಚಿನಲ್ಲಿ ಕೂತವನ ಕೈ ಹಿಡಿಯಲು ಹಿರಿಯ ಏನೆನ್ನುತ್ತಾನೋ ಎಂದು ಎಲ್ಲರಿಗೂ ಹೆದರಿಕೆ. ಹಿರಿಯ ಕುರಿಹಟ್ಟಿಯಲ್ಲಿ ಕೂತಿದ್ದಾನೆ.

ಅವನು ಎದ್ದ. ಕಂದು ಲಾಮಾದ ಮೂಟೆಯ ಹಗ್ಗ ಸಡಿಲಿಸಲು ಕೈ ಹಾಕಿ, ಬೇಡ, ಹೀಗೇ ಹೋಗುತ್ತೇನೆ, ಏನು ಮಾಡಿದ್ದೇನೋ ಅದರ ಸಮೇತ ಹೋಗುತ್ತೇನೆ ಎಂದು ಅದನ್ನು ಎಬ್ಬಿಸಿದ. ಬಸಿಲಿಯಾ ಕಲ್ಲುಗುಪ್ಪೆಯ ಹತ್ತಿರದಿಂದ ಕೂಗಿದಳು: "ಏಯ್, ಹುಚ್ಚು ಹಿಡೀತೇನೋ? ನಿಮ್ಮವರು ಹೊರಗೆ ಬರೋ ಹೊತ್ತಿಗೆ ಸರಿಯಾಗಿ ಎಲ್ಲರ ಮುಂದೆ ಹೋಗಿ ನಿಲ್ತೀಯಲ್ಲೋ!" ಅವನು ಹಿಂತಿರುಗಿ ನೋಡದೆ ಕೈ ಬೀಸಿದ. ಬೀಸಿದ ಮೇಲೆ ಅದು ಯಾರ ಕೈ ಬೀಸಿದ ರೀತಿ ಎಂದು ನೆನಪಾಯಿತು.

ಮುಕ್ಕಾಲು ಗಂಟೆಯ ಹಾದಿಯನ್ನು ಅವನು ಹೇಗೆ ಇಳಿದನೋ. ಏಳು ಲಾಮಾಗಳು, ಕಿವಿಗೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿಕೊಂಡು, ಹದಿನಾಲ್ಕು ಮೂಟೆ ಹೊತ್ತು ಸಭೆಯ ಅಂಗಳಕ್ಕೆ ನುಗ್ಗಿದಾಗ ಪ್ರಸಂಗ ಮುಗಿದಿತ್ತು. ಹೆಂಗಸರು ತಾಮ್ರದ ಹಂಡೆಯಿಂದ ಬೋಗುಣಿಗೆ ನೀರು ತುಂಬಿಕೊಳ್ಳುತ್ತಿದ್ದರು. ಹಂಡೆಗೆ ಕಂಬಳಿ ಸುತ್ತಿತ್ತು. ಸಬ್ಬತ್ತಿನ ದಿನ ಒಲೆ ಹೊತ್ತಿಸಬಾರದು, ಶುಕ್ರವಾರವೇ ಕಾಯಿಸಿ ಕಂಬಳಿ ಸುತ್ತಿಡಬೇಕು ಎನ್ನುವುದು ಮೆಲಿತೋನನೇ ತಂದ ಕಟ್ಟಳೆ. ಎಲ್ಲರೂ ನೀರು ಹಿಡಿದಿದ್ದ ಕೈಯಲ್ಲೇ ನಿಂತರು. ಯಾರೋ ಸಣ್ಣ ಹುಡುಗಿ 'ಅಜ್ಜ ಚುನ್ಯೋ ತಂದ್ರು' ಎಂದು ಕೂಗಿದಳು, ಯಾರೋ ಅವಳ ಬಾಯಿ ಮುಚ್ಚಿದರು. ದೊಮಿತಿಲಾ ಹೆಗಲ ಮೇಲೆ ಹೊಸ ಬಿಳಿ ಟವೆಲ್ ಹಾಕಿಕೊಂಡು ಬಾಗಿಲಲ್ಲಿದ್ದಳು. ಗಂಡನನ್ನು, ಮೂಟೆಗಳನ್ನು, ಮತ್ತೆ ಗಂಡನನ್ನು ನೋಡಿದಳು. ಅವಳು ಹೆಗಲಿನ ಟವೆಲ್ ತೆಗೆದು ಅವನ ಕೈಗಿಟ್ಟಳು. "ಒಳಗೆ ಹೋಗಿ," ಎಂದಳು. "ಅವನೊಬ್ಬನೇ ಕೂತಿದಾನೆ."

ಮಣ್ಣುಗೋಡೆಯ ಕೋಣೆಯಲ್ಲಿ ಐದು ಜೋಡಿ ಆಗಲೇ ಮಂಡಿಯೂರಿದ್ದವು. ಮೂಲೆಯ ಹಲಗೆಯ ಮೇಲೆ ನಿಕಾಸಿಯೋ ಪ್ಯಾಂಟು ಮಡಚಿ, ಎರಡು ಕಾಲನ್ನೂ ಬರಿನೆಲದ ಮೇಲಿಟ್ಟು, ಯಾರನ್ನೂ ನೋಡದ ಹಾಗೆ ಗೋಡೆ ನೋಡುತ್ತ ಕೂತಿದ್ದ. ಪುನೋದ ಪಾಸ್ಟರ್, ಇನ್ನೂ ಮೀಸೆ ಗಟ್ಟಿಯಾಗದ ಯುವಕ, ತೊಳೆಯುತ್ತಿದ್ದ ಕಾಲನ್ನು ಕೈಯಲ್ಲೇ ಹಿಡಿದುಕೊಂಡು ತಲೆ ಎತ್ತಿದ. ಮೆಲಿತೋನ ಬಾಗಿಲಲ್ಲಿ ನಿಂತು ಹೇಳಿದ. ಹೊಸ್ತಿಲು ದಾಟದೆ ಹೇಳಿದ.

"ನಾನು ಮೂರು ಭಾನುವಾರ ಆಚರಿಸಿದೀನಿ. ಮೂರು ಸಬ್ಬತ್ತು ದುಡಿದಿದೀನಿ, ಇವತ್ತು ನಾಲ್ಕನೇದು. ಜ್ವರ ಬಂದು ಎಣಿಕೆ ತಪ್ತು. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ. ತಪ್ಪಿದ್ದು ನನಗೆ ಗೊತ್ತಿತ್ತು. ಒಲೆ ಬೂದಿ ತಣ್ಣಗಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡ್ದೆ, ಯಾಕಂದ್ರೆ ಆಲೂಗಡ್ಡೆ ಹರಡಿತ್ತು."

ಮುದುಕ ಇಸಿದ್ರೋ, ಕಿವಿ ಸ್ವಲ್ಪ ಮಂದ, ಪಕ್ಕದವನನ್ನು ಗಟ್ಟಿಯಾಗಿ ಕೇಳಿದ: "ಏನಂತೆ? ಭಾನುವಾರಾನಾ? ಇವ್ನಾ?" ಯಾರೋ ಕೆಮ್ಮಿದರು. ಕೆಮ್ಮಿನೊಳಗೆ ನಗು ಇತ್ತು. ಪಾಸ್ಟರ್ ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ನಿಕಾಸಿಯೋ ಗೋಡೆಯಿಂದ ಕಣ್ಣು ತೆಗೆದು, ಹೊಲದ ಬದುವಿನಲ್ಲಿ ನಿಂತು ಮಾತಾಡುವ ಹಾಗೆ ಕೇಳಿದ: "ಮೂರು ರಾತ್ರಿ ಹಿಮ ಬಿದ್ದಿತ್ತಾ ಭಾವ?"

"ಬಿದ್ದಿತ್ತು."

"ಚೆನ್ನಾಗಿ ಹಿಡಿದಿತ್ತಾ?"

"ಕಲ್ಲಾಗಿತ್ತು."

"ಮತ್ತೆ ತುಳೀದೆ ಏನ್ಮಾಡ್ತೀರಿ," ಎಂದ ನಿಕಾಸಿಯೋ. ಎದ್ದು, ತಾನು ಕೂತಿದ್ದ ಹಲಗೆಯನ್ನು ಕೈಯಿಂದ ಒರೆಸಿದ. "ಬನ್ನಿ, ಕೂತ್ಕೊಳ್ಳಿ."

"ನಾನು ಕೂರೋ ಹಾಗಿಲ್ಲ. ನಿನ್ನ ಕಾಲು ತೊಳೆಯೋಕೆ ಬಂದೆ. ನನ್ನ ಹೆಸರು ಪುಸ್ತಕದಲ್ಲಿ ಬರೀಬೇಕು, ಪಾಸ್ಟರ್ ಬರೀಲಿ, ನಿನಗೆ ಎಷ್ಟೋ ನನಗೂ ಅಷ್ಟು, ಅದಕ್ಕಿಂತ ಹೆಚ್ಚು."

"ಇವತ್ತು ಹೇಗೆ ಬರೀತಾರೆ ಭಾವ?" ನಿಕಾಸಿಯೋನ ಮುಖದಲ್ಲಿ ತುಂಟತನವೇನೂ ಕಾಣಲಿಲ್ಲ, ಕಾಣದ ಹಾಗೆ ಇಟ್ಟುಕೊಂಡಿದ್ದ. "ಸಬ್ಬತ್ತಿನ ದಿನ ಸಮಿತಿ ಪುಸ್ತಕ ಬಿಚ್ಚಬಾರದು. ನಿಮ್ಮದೇ ಕಟ್ಟಳೆ. ನಾಳೆ ಬರೀಲಿ. ಇವತ್ತು ಕಾಲು ಕೊಡಿ."

ಇಸಿದ್ರೋ ಹೋ ಎಂದು ನಕ್ಕುಬಿಟ್ಟ. ಆಮೇಲೆ ಎಲ್ಲರೂ ನಕ್ಕರು, ಬೋಗುಣಿಗಳ ನೀರು ತುಳುಕುವ ಹಾಗೆ, ಯುವಕ ಪಾಸ್ಟರ್ ಕೂಡ, ಹಿಡಿದಿದ್ದ ಕಾಲು ಬಿಡದೆ. ಮೆಲಿತೋನನಿಗೆ ಅವಮಾನವಾಗಬೇಕಿತ್ತು, ಬೆಳಗಿನಿಂದ, ಅಲ್ಲ, ಮೂರು ವಾರದಿಂದ ಹೆದರಿಕೊಂಡಿದ್ದದ್ದು ಇದಕ್ಕೇ, ಹತ್ತು ಗಂಡಸರು ತನ್ನನ್ನು ನೋಡಿ ನಗುವುದಕ್ಕೆ. 'ಇಷ್ಟೇನಾ?' ಎಂದುಕೊಂಡ. ಕೂತ. ನಿಕಾಸಿಯೋ ಅವನ ಚಪ್ಪಲಿ ಕಳಚಿದ. ಪಾದಗಳನ್ನು ಒಂದೊಂದಾಗಿ ನೀರಿಗಿಟ್ಟ. "ತಣ್ಣಗಿದೆ," ಎಂದ. "ಅದೂ ನಿಮ್ಮದೇ." ಹೆಬ್ಬೆರಳಿನಿಂದ ಹಿಮ್ಮಡಿಯ ಬಿರುಕುಗಳನ್ನು ಉಜ್ಜಿದ. ಕಪ್ಪು ಹೋಗಲಿಲ್ಲ. "ಇದು ಹೋಗಲ್ಲ ಭಾವ. ನನಗೆ ಗೊತ್ತಲ್ಲ. ಎರಡು ತಿಂಗಳು ಇರುತ್ತೆ." ಹಾಗೆಂದು, ಹೋಗುವುದಿಲ್ಲವೆಂದು ಗೊತ್ತಿದ್ದ ಮೇಲೂ ಉಜ್ಜುತ್ತಲೇ ಇದ್ದ, ನಿಧಾನವಾಗಿ, ಬೆರಳ ಸಂದಿಗಳಲ್ಲೂ. ಎದೆಯಲ್ಲಿ ಬಿಗಿದುಕೊಂಡಿದ್ದದ್ದು ಬಂಡೆಯ ಮೇಲೆ ಸಡಿಲವಾದ ಹಾಗೆಯೇ ಸಡಿಲವಾಯಿತು. ಆಮೇಲೆ ಮೆಲಿತೋನ ಮಂಡಿಯೂರಿದ. ನಿಕಾಸಿಯೋನ ಕಾಲು ಸ್ವಚ್ಛವಾಗಿತ್ತು, ಈ ವರ್ಷ ಅವನು ಚುನ್ಯೋ ಬೇಗನೆ ಮುಗಿಸಿದ್ದ. ಆದರೂ ಮೆಲಿತೋನ ತೊಳೆದು, ಹೊಸ ಟವೆಲಿನಿಂದ ಒರೆಸಿದ. "ತಪ್ಪಾಯ್ತು ಕಣೋ," ಎಂದ. ನಿಕಾಸಿಯೋ ಅವನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದ.

ಹೊರಗೆ ಬಂದಾಗ ಹದಿನಾಲ್ಕು ಮೂಟೆಗಳೂ ಗೋಡೆಗೆ ಒರಗಿದ್ದವು. ಲಾಮಾಗಳು ಬರಿಬೆನ್ನಿನಲ್ಲಿ ನೀರಿನ ತೊಟ್ಟಿಗೆ ಮೂತಿ ಹಾಕಿದ್ದವು. ದೊಮಿತಿಲಾ ಸಬ್ಬತ್ತಿನ ಕಪ್ಪು ಲಂಗಕ್ಕೆ ಮೆತ್ತಿದ ಉಣ್ಣೆ ಕೊಡವಿಕೊಳ್ಳುತ್ತಿದ್ದಳು. ಹೇರು ಬಿಚ್ಚಿದ್ದಾಳೆ, ಸಭೆಯ ಅಂಗಳದಲ್ಲೇ, ಎಲ್ಲ ಹೆಂಗಸರ ಮುಂದೆ. ಅವನು ನೋಡುತ್ತಿದ್ದುದನ್ನು ನೋಡಿ ಗಲ್ಲ ಮೇಲೆತ್ತಿದಳು. "ಏನು ನೋಡ್ತಿದೀರಿ? ಪಾಪ, ಎಷ್ಟೊತ್ತು ಹೊತ್ಕೊಂಡು ನಿಂತಿರ್ತವೆ ರೀ," ಎಂದಳು. ರೀ ಎಂದಳು. ಅವನು ಅದನ್ನು ಕೇಳಿಸಿಕೊಂಡು ಬೇಗ ಬೇಗ ಸಭೆಯೊಳಗೆ ಹೋದ, ಇಲ್ಲದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದ.

ಪೀಠದ ಪಕ್ಕದ ಕುರ್ಚಿಗೆ ಅವನು ಹೋಗಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತ. ಈ ಸಭೆಯ ಮಾಡನ್ನು ಕಟ್ಟಿದವರಲ್ಲಿ ಅವನೂ ಒಬ್ಬ, ಆದರೆ ಅಲ್ಲಿಂದ ಅದನ್ನು ಎಂದೂ ನೋಡಿರಲಿಲ್ಲ. ಮಾಡು ಹೊತ್ತ ಮರದ ಕಂಬವೊಂದು ನೇರವಾಗಿ ಪೀಠಕ್ಕೆ ಅಡ್ಡ ಬರುತ್ತಿತ್ತು. ಪಾಸ್ಟರ್ ತಲೆ ಆಚೆ ಈಚೆ ಆದಾಗ ಮಾತ್ರ ಕಾಣುತ್ತಿತ್ತು. ಕಾಣುತ್ತಿದ್ದದ್ದು ಪಕ್ಕದ ಕಿಟಕಿಯಲ್ಲಿ ಸರೋವರ, ಒಂದು ತುಂಡು, ನೀಲಿ. ಹೋ, ಒಂದು ವರ್ಷ ಇವನು ನೋಡಿದ್ದು ಇದನ್ನು. ಬೆಂಚು ಕಿರುಗುಟ್ಟಿತು, ಪಕ್ಕದಲ್ಲಿ ಯಾರೋ ಕೂತರು. ನಿಕಾಸಿಯೋ. "ಮುಂದೆ ಹೋಗೋ, ಇವತ್ತು ನಿನ್ನ ದಿನ," ಎಂದು ಮೆಲಿತೋನ ಪಿಸುಗುಟ್ಟಿದ. "ರೂಢಿ ಆಗಿದೆ ಭಾವ," ಎಂದ ನಿಕಾಸಿಯೋ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬಂತು. ಅದನ್ನು ಯಾವಾಗಲೂ ಕೊಟ್ಟವನೇ ಹೊರತು ಹೀಗೆ ಕಾದು ಕೂತವನಲ್ಲ. ತಟ್ಟೆ ನಿಕಾಸಿಯೋನ ಕೈಗೆ ಬಂತು. ಅವನು ಒಂದು ತುಂಡು ತೆಗೆದುಕೊಂಡು, ಒಂದು ವರ್ಷದ ಮೇಲೆ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಆಮೇಲೆ ತಟ್ಟೆಯನ್ನು ಮೆಲಿತೋನನ ಮುಂದೆ ಹಿಡಿದ. ಮೆಲಿತೋನನ ಕೈ ಮೇಲೇಳಲಿಲ್ಲ. ನಾಳೆ ಬರೆಯುತ್ತಾರೆ, ಬರೆಯಲೇಬೇಕು, ಬರೆದ ಮೇಲೆ ಒಂದು ವರ್ಷ. ಹಾಗಿರುವಾಗ ಇವತ್ತು ಯಾವ ಮುಖ ಇಟ್ಟುಕೊಂಡು? ತಟ್ಟೆ ಹಾಗೇ ನಿಂತಿತ್ತು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ನಿಕಾಸಿಯೋ ಮೊಣಕೈಯಿಂದ ತಿವಿದ.

"ಬೇಗ ತಗೊಳ್ಳಿ ಭಾವ, ಹಿಂದಿನವರು ಕಾಯ್ತಿದಾರೆ."

ಮೆಲಿತೋನ ಗಾಬರಿಯಿಂದ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಅದು ಕೊನೆಯ ಬೆಂಚು. ತೆರೆದ ಬಾಗಿಲಿನ ಆಚೆ ಅಂಗಳದಲ್ಲಿ ಏಳು ಲಾಮಾಗಳು ಬರಿಬೆನ್ನಿನಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ನಿಂತಿದ್ದವು. ಅವನಿಗೆ ನಗು ಬಂತು, ತಡೆದುಕೊಳ್ಳಲಾಗಲಿಲ್ಲ. ನಗುತ್ತಲೇ ಕೈ ಚಾಚಿ ಒಂದು ತುಂಡು ತೆಗೆದುಕೊಂಡ.